ಇಪ್ಪತ್ತೆಂಟು ಮೊಳದ ತಂತಿ

ತುಳಸಿ ಲಗ್ನ ಮುಗಿದು ಎಂಟು ದಿನವಾಗಿತ್ತು. ಸಕ್ಕರೆ ಕಾರ್ಖಾನೆಗಳು ಹೊಗೆ ಬಿಡತೊಡಗಿದ್ದವು. ಚಿಮ್ಮಡದ ಹಾದಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ತೆವಳುತ್ತಿದ್ದವು. ಬನಹಟ್ಟಿಯಲ್ಲಿ ಮಗ್ಗಗಳು ನಸುಕಿನಿಂದಲೇ ಖಟಖಟ ಹಿಡಿದಿದ್ದವು. ಆ ಸಪ್ಪಳದ ನಡುವೆಯೇ ಗುರುಪಾದ ತನ್ನ ಫೋಟೋ ಸ್ಟುಡಿಯೋದೊಳಗೆ ಕ್ಯಾಮೆರಾದ ಬ್ಯಾಟರಿಗಳನ್ನು ಒಂದೊಂದಾಗಿ ಚಾರ್ಜಿಗೆ ಹಚ್ಚುತ್ತ, ದೀಪದ ಸ್ಟ್ಯಾಂಡಿನ ಸ್ಕ್ರೂ ಬಿಗಿ ಮಾಡುತ್ತ ಕೂತಿದ್ದ. ನಾಳೆ ಬೀಳಗಿಯಲ್ಲಿ ಮದುವೆ, ನಾಡಿದ್ದು ಮುಧೋಳದಲ್ಲಿ. ಇನ್ನು ಎರಡು ತಿಂಗಳು ಅವನಿಗೆ ಮೈ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಚಿಮ್ಮಡದ ಸೋಮವ್ವ. ಎಪ್ಪತ್ತು ದಾಟಿದ ಮುದುಕಿ, ಹಣೆತುಂಬ ಬೀರಪ್ಪನ ಭಂಡಾರ. ಆ ಅರಿಷಿಣದ ಪುಡಿ ಇಲ್ಲದೆ ಅವಳು ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ.

"ತಮ್ಮಾ, ನಿನ್ನ ಕಡೆ ನಮ್ಮ ಮನಿದೊಂದು ಬಾಕಿ ಐತಿ. ಗೊತ್ತೈತ್ಯೋ ಮರ್ತಿಯೋ?"

ಗುರುಪಾದನ ಕೈಯಲ್ಲಿದ್ದ ಸ್ಕ್ರೂ ಜಾರಿ ಎಲ್ಲೋ ಹೋಯಿತು. ಮರೆತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಸೋಮವ್ವನ ಇಬ್ಬರು ಗಂಡುಮಕ್ಕಳು ರನ್ನ ಬೆಳಗಲಿಯ ಅಕ್ಕತಂಗಿಯರನ್ನು ಒಂದೇ ಹಂದರದಲ್ಲಿ ಮದುವೆಯಾಗಿದ್ದರು. ದೊಡ್ಡವ ಪರಮಾನಂದನಿಗೆ ಮಾಲಾ, ಸಣ್ಣವ ಪರಮೇಶನಿಗೆ ರಂಜನಾ. ಶೂಟಿಂಗ್ ಮಾಡಿದವ ಗುರುಪಾದ. ಎರಡು ವರ್ಷ ಬಿಟ್ಟು, ಏಳು ತಿಂಗಳ ಬಸುರಿ ರಂಜನಾಳ ಕುಬಸದ ಕಾರ್ಯಕ್ಕೂ ಅವನೇ. ಹೆಣ್ಣಿನ ಕಡೆಯವರು ಎರಡೂ ಕೆಲಸದ ರೊಕ್ಕ ಮೊದಲೇ ಎಣಿಸಿದ್ದರು. ಗುರುಪಾದ ತೆಗೆದದ್ದನ್ನೆಲ್ಲ ಹಸಿಹಸಿಯಾಗಿ ಒಂದು ಹಾರ್ಡ್ ಡಿಸ್ಕಿಗೆ ತುಂಬಿ ಕೊಟ್ಟು, "ಇದು ಇಟ್ಕೊಂಡಿರ್ರಿ, ಮಿಕ್ಸಿಂಗ್ ಮಾಡಿ ಛಲೋ ಸೀಡಿ ಕೊಡ್ತೀನಿ" ಅಂದಿದ್ದ. ರಂಜನಾ ಎರಡು ಸಲ ಅಂಗಡಿಗೆ ಬಂದು ಕೇಳಿಹೋಗಿದ್ದಳು. ಮುಂದಿನ ವಾರ, ಮುಂದಿನ ವಾರ ಅಂದ. ಹೆರಿಗೆಯಾದ ಕೆಲವೇ ತಿಂಗಳಿಗೆ ಅವಳಿಗೆ ಕಾಮಾಲೆಯಾಗಿ, ಹತ್ತು ದಿನ ಜಮಖಂಡಿಯ ದವಾಖಾನೆಯಲ್ಲಿದ್ದು ತೀರಿಕೊಂಡಳು ಎಂಬ ಸುದ್ದಿ ಬಂತು. ಅದಕ್ಕೂ ಮೊದಲೇ ಗುರುಪಾದ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ತನ್ನ ಹತ್ತಿರವಿದ್ದ ಪ್ರತಿಯನ್ನು ಅಳಿಸಿಬಿಟ್ಟಿದ್ದ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

"ನನ್ನ ಕಡೆ ಏನೂ ಉಳದಿಲ್ಲಬೇ ಆಯಿ," ಅಂದ ತಲೆ ಎತ್ತದೆ. "ಎಲ್ಲಾ ನಿಮ್ಮ ಡಿಸ್ಕಿನ್ಯಾಗ ಐತಿ."

"ಆ ಡಿಸ್ಕ ದೊಡ್ಡಾಂವನ ಪಾಲಿಗೆ ಹೋಗಿ ಕುಂತೈತಿ. ತೊಡಕಾಗಿದ್ದು ಅಲ್ಲೇ," ಎಂದು ಸೋಮವ್ವ ಸ್ಟೂಲಿನ ಮೇಲೆ ಕೂತು ಹೇಳತೊಡಗಿದಳು.

ರಂಜನಾ ಹೋದ ಮರುವರ್ಷ ಬೋರಿನ ನೀರಿನ ಪಾಳಿಗೆ ಅಣ್ಣತಮ್ಮಂದಿರು ಜಗಳಾಡಿದರು. ಜಗಳ ಬಡಿದಾಟದವರೆಗೆ ಹೋಯಿತು. ಕಡೆಗೆ ಬೀರಪ್ಪನ ಗುಡಿಯಲ್ಲಿ ಭಂಡಾರ ಮುಟ್ಟಿ ಆಣೆ ಮಾಡಿದರು: ನನ್ನ ಮನಿ ಸಾಮಾನಾಗಲಿ, ಸಂತಾನಾಗಲಿ ನಿನ್ನ ಹೊಸ್ತಿಲ ದಾಟಂಗಿಲ್ಲ, ನಿಂದು ನನ್ನ ಹೊಸ್ತಿಲ ದಾಟಂಗಿಲ್ಲ. ಮನೆಯ ನಡುವೆ ಗೋಡೆ ಎದ್ದಿತು. ಹಿತ್ತಲಲ್ಲೂ ಎದೆಮಟ್ಟದ ಗೋಡೆ. ಭಂಡಾರದ ಆಣೆ ಮುರಿದವನ ಹಟ್ಟಿ ಹಾಳಾಗುತ್ತದೆಂಬುದು ಆ ಮನೆತನದವರ ನಂಬಿಕೆ. ಎಂಟು ವರ್ಷದಿಂದ ಒಂದು ಹಿಡಿ ಉಪ್ಪು ಸಹ ಆಕಡೆ ಈಕಡೆ ಆಗಿರಲಿಲ್ಲ.

"ನಾ ಯಾರ ಪಾಲಿಗೂ ಬಂದಿಲ್ಲ ನೋಡು, ಅದಕ್ಕ ಎರಡೂ ಕಡೆ ಅಡ್ಡಾಡ್ತೀನಿ. ಮುಂಜಾನೆ ರೊಟ್ಟಿ ಅಲ್ಲಿ, ಸಂಜಿಗೆ ಅನ್ನ ಇಲ್ಲಿ. ಎರಡೂ ಕಡೆ ಉಪ್ಪ ಕಡಿಮಿ."

ದೀಪಾವಳಿ ಪಾಡ್ಯದ ದಿನ ಮಾಲಾ ಆ ಡಿಸ್ಕನ್ನು ಟಿವಿಗೆ ಸಿಕ್ಕಿಸಿ ನೋಡುತ್ತ ಕೂತಿದ್ದಳಂತೆ. ಗೋಡೆಯಾಚೆ ಪರಮೇಶನ ಮಗಳು, ಹತ್ತು ವರ್ಷದ ಭಾಗ್ಯಾ, ಊಟ ಮಾಡುತ್ತಿದ್ದವಳು ತುತ್ತು ಬಿಟ್ಟು ಕಿವಿಗೊಟ್ಟಳು. ಆಕಡೆ ಯಾರೋ ಹೆಂಗಸು ನಗಾಕತ್ತಾಳ, ಯಾರಬೇ ಆಯಿ ಅಂದಳು. ನಿಮ್ಮವ್ವ, ಅಂದುಬಿಟ್ಟೆ ಎಂದಳು ಸೋಮವ್ವ. "ಅಂದ ಮ್ಯಾಲ ತಿಳೀತು, ಅನ್ನಬಾರದಿತ್ತಂತ. ಆ ಕೂಸಿಗೆ ತಾಯಿ ಫೋಟೋದಾಗಷ್ಟ ಗೊತ್ತು. ದನಿ ಹೆಂಗಿತ್ತಂತ ಗೊತ್ತಿಲ್ಲ. ಅವತ್ತಿನಿಂದ ದಿನಾ ಗ್ವಾಡಿಗೆ ಕಿವಿ ಹಚ್ಚಿ ಕುಂದರತೈತಿ. ಈಗ ಟಿವಿಗೂ ಅದು ಬರವಲ್ದು. ಟಿಕ್ ಟಿಕ್ ಅಂತೈತಿ, ಸುಮ್ನಾಗತೈತಿ."

ಗುರುಪಾದ ಎದ್ದು ನಿಂತ. ಟಿಕ್ ಟಿಕ್ ಅನ್ನುವ ಡಿಸ್ಕು ಎಷ್ಟು ದಿನ ಬಾಳುತ್ತದೆಂದು ಅವನಿಗೆ ಗೊತ್ತಿತ್ತು. ಹೆಚ್ಚೆಂದರೆ ನಾಲ್ಕಾರು ಸಲ ತಿರುಗೀತು. ಅದರೊಳಗಿಂದ ಕಾಪಿ ತೆಗೆಯದಿದ್ದರೆ ರಂಜನಾಳ ದನಿ ಭೂಮಿಯ ಮೇಲೆ ಎಲ್ಲೂ ಇರುವುದಿಲ್ಲ.

"ನಾನೇ ಲ್ಯಾಪ್‌ಟಾಪ್ ತಗೊಂಡು ಅವರ ಮನಿಗೆ ಹೋಗಿ, ತುಂಬಿಕೊಂಡು ಬಂದು ಇವರ ಮನ್ಯಾಗ ಹಾಕ್ತೀನಿ. ಅದಕ್ಕೇನು?"

"ಅದನ್ನೂ ಕೇಳೇನಿ. ನನ್ನ ಮನ್ಯಾಗ ತುಂಬಿದ ಕೊಡ ಅವನ ಮನ್ಯಾಗ ಇಳದಂಗ ಆತು, ಆಣಿ ಮುರೀತೈತಿ ಅಂತಾನ ದೊಡ್ಡಾಂವ. ಗುಡಿ ಪೂಜಾರಿ ಬಸಗೊಂಡಪ್ಪನ್ನ ಕೇಳಿದ್ವಿ. ಅಂವ ಬಹಳ ಹೊತ್ತು ಕಣ್ಣ ಮುಚ್ಚಿ ಕುಂತು ಹೇಳಿದ: ಆಣಿ ಹೊಸ್ತಿಲದ್ದು. ಗ್ವಾಡಿ ಮ್ಯಾಲಿಂದ ದನಿ ಹೋದ್ರ ಆಣಿ ಮುರಿಯಂಗಿಲ್ಲ, ತಂತಿ ಹೋದ್ರೂ ಮುರಿಯಂಗಿಲ್ಲ. ದೊಡ್ಡಾಂವ ಹೂಂ ಅಂದ. ಆದ್ರ ಡಿಸ್ಕ ತಿಜೋರಿ ಬಿಟ್ಟು ಅಲಗಾಡಬಾರ್ದಂತ. ನೀ ಗ್ವಾಡಿ ಮ್ಯಾಲ ತಂತಿ ಹಾಯಿಸು."

ಗುರುಪಾದನಿಗೆ ಅದು ಕಷ್ಟದ ಕೆಲಸವೆನಿಸಲಿಲ್ಲ. ಮಗ್ಗದ ಶೆಡ್ಡುಗಳಲ್ಲಿ ಎಂಬತ್ತು ತೊಂಬತ್ತು ಮೀಟರ್ ತಂತಿ ಎಳೆದು ಕ್ಯಾಮೆರಾ ಕೂಡಿಸಿದ ಕೈ ಅದು. ತಂತಿ ಅಂದರೆ ತಂತಿ, ಅಂದುಕೊಂಡ. ಐದೈದು ಮೀಟರಿನ ಮೂರು ಯುಎಸ್‌ಬಿ ಕೇಬಲ್ಲು, ತನ್ನ ಲ್ಯಾಪ್‌ಟಾಪು ಚೀಲಕ್ಕೆ ತುರುಕಿ, ಮುದುಕಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಮೈಲಿನುದ್ದ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದ. ಹಾರ್ನ್ ಒತ್ತಿ ಒತ್ತಿ ಹೆಬ್ಬೆರಳು ನೊಂದಿತು.

"ಸಾವಕಾಶ ಹೋಗೋ ಭಾಡ್ಯಾ," ಅಂದಳು ಸೋಮವ್ವ. "ಹತ್ತು ವರ್ಷ ತಡ ಮಾಡೀ, ಈಗ ಯಾಕ ಗಡಿಬಿಡಿ?"

ಅವನು ಹಾರ್ನಿನಿಂದ ಬೆರಳು ತೆಗೆದ.

ಪರಮಾನಂದ ಹೊರಗಿನ ಕಟ್ಟೆಯ ಮೇಲೆ ಕುಡಗೋಲು ಮಸೆಯುತ್ತಿದ್ದ. ಗದ್ದದಿಂದ ಒಳಗೆ ತೋರಿಸಿದ. ಮಾಲಾ ತಿಜೋರಿಯ ಬಾಗಿಲು ತೆರೆದು ನಿಂತಿದ್ದಳು. ಸೀರೆಗಳ ನಡುವೆ, ಒಂದು ಕುಬಸದ ಕಣದ ಬಟ್ಟೆಯಲ್ಲಿ ಸುತ್ತಿಟ್ಟ ಡಿಸ್ಕು ಅಂಗೈಯಗಲ ಕಪ್ಪಗೆ ಕೂತಿತ್ತು. ಗುರುಪಾದ ಕೇಬಲ್ ಸಿಕ್ಕಿಸಿ, ಪಡಸಾಲೆಯಲ್ಲಿ ಹಾಯಿಸಿ, ಹಿತ್ತಲ ಬಾಗಿಲಿಂದ ಹೊರಗೆ ತಂದು, ಗೋಡೆಯ ಮೇಲೆ ಎಸೆದು, ತಾನು ಓಣಿ ಸುತ್ತಿ ಪರಮೇಶನ ಮನೆಗೆ ಬಂದು, ಆ ತುದಿಯನ್ನು ಕಿಟಕಿಯಲ್ಲಿ ಎಳೆದುಕೊಂಡ.

"ಕಿಟಕಿಗೆ ಹೊಸ್ತಿಲ ಇರಂಗಿಲ್ಲ," ಎಂದು ಸೋಮವ್ವ ಯಾರೂ ಕೇಳದಿದ್ದರೂ ಹೇಳಿದಳು.

ಪರಮೇಶ ಮೊಳ ಹಾಕಿ ಅಳೆದ. ತಿಜೋರಿಯಿಂದ ಕಿಟಕಿಯವರೆಗೆ ಇಪ್ಪತ್ತೆಂಟು ಮೊಳ. ಭಾಗ್ಯಾ ಸಾಲಿಗೆ ಹೋಗಿರಲಿಲ್ಲ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು, ಹಬ್ಬದ ಲಂಗ ಉಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಯಾರೋ ಬೀಗರು ಬರುವವರಿದ್ದಾರೆ ಅನ್ನುವ ಹಾಗೆ.

ಗುರುಪಾದ ತುದಿ ಸಿಕ್ಕಿಸಿದ. ಟಿಣ್ ಅಂದಿತು. ಪರದೆಯ ಮೇಲೆ ಡಿಸ್ಕಿನ ಹೆಸರು ಮೂಡಿತು. ಮರುಗಳಿಗೆ ಟುಣ್ ಅಂದು ಹೆಸರು ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

"ಬಂದು ಬಂದು ಹೊಕ್ಕೈತಲ್ಲೋ ಅಣ್ಣಾ," ಅಂದ ಪರಮೇಶ.

"ಜಾಯಿಂಟ್ ಸಡಲಿರಬೇಕು."

ಅವನು ಗೋಡೆಯ ಹತ್ತಿರ ಓಡಿದ, ಬಂದ, ಮತ್ತೆ ಓಡಿದ. ಜಾಯಿಂಟಿಗೆ ಟೇಪು ಸುತ್ತಿದ. ಆಗಲಿಲ್ಲ. ಒಂದು ಕೇಬಲ್ ಕಳಚಿ, ಲ್ಯಾಪ್‌ಟಾಪನ್ನು ಹಿತ್ತಲಿಗೆ ತಂದು ಗೋಡೆಯ ಮಗ್ಗುಲಿಗೆ ಇಟ್ಟ. ಈಗ ಹತ್ತು ಮೀಟರ್. ಹೆಸರು ಮೂಡಿತು, ನಿಂತಿತು. ಕಾಪಿ ಶುರುವಾಯಿತು. ನೂರಾ ಅರವತ್ತು ಜಿಬಿ. ಸೆಕೆಂಡಿಗೆ ಎರಡು ಎಂಬಿ ಬರುತ್ತಿತ್ತು. ಮುಗಿಯಲು ಇಪ್ಪತ್ತೆರಡು ತಾಸು ಬೇಕೆಂದು ಪರದೆ ತೋರಿಸಿತು.

"ಒಂದು ಹಗಲು ಒಂದು ರಾತ್ರಿ?" ಅಂದ ಪರಮೇಶ. "ಇದಕ್ಕಿಂತ ನಮ್ಮ ಎಮ್ಮಿ ಲಗೂ ಈಯತೈತಿ."

ಗುರುಪಾದ ಕೂತಲ್ಲಿ ಕೂರಲಾರದೆ, ಎದ್ದಲ್ಲಿ ನಿಲ್ಲಲಾರದೆ ಹಿತ್ತಲ ತುಂಬ ತಿರುಗಿದ. ಹನ್ನೊಂದು ನಿಮಿಷಕ್ಕೆ ಟುಣ್ ಅಂದಿತು. ಗೋಡೆಯಾಚೆ, ಮನೆಯೊಳಗಿಂದ ಮಾಲಾ ಕೂಗಿದಳು: "ಟಿಕ್ ಟಿಕ್ ಅನ್ನಾಕತ್ತೈತ್ರೀ!"

ಅವನು ಫೋನು ತೆಗೆದು, ಜಮಖಂಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಬಾಳಾಸಾಹೇಬನಿಗೆ ಹಚ್ಚಿದ. ಎಲ್ಲ ಕೇಳಿಕೊಂಡು ಬಾಳಾಸಾಹೇಬ ಆಕಡೆ ನಕ್ಕುಬಿಟ್ಟ.

"ಲೇ ಶಾಣ್ಯಾ, ಇದೇನು ಸಿಸಿ ಕ್ಯಾಮೆರಾದ ತಂತಿ ಅಂತ ತಿಳದಿಯೇನು? ಯುಎಸ್‌ಬಿ ಐದು ಮೀಟರ್ ದಾಟಿದ್ರ ಮಾತ ಕೇಳಂಗಿಲ್ಲ. ನೀಲಿ ಬಾಯಿದು, ಜೋರ ಓಡೂದು ಇರ್ತೈತಲ್ಲ, ಅದಕ್ಕಂತೂ ಮೂರ ಮೀಟರ್ ಬಾಳಾತು. ಮತ್ತ ಆ ಡಿಸ್ಕಿಗೆ ಬ್ಯಾರೆ ಕರೆಂಟ್ ಐತೇನು?"

"ಇಲ್ಲ. ಅದೇ ತಂತ್ಯಾಗ ಬರಬೇಕು."

"ಹಂಗಾರ ಅಷ್ಟುದ್ದ ತಂತ್ಯಾಗ ಕರೆಂಟ್ ಸಣ್ಣಾಗಿ, ತಿರಗಾಕ ಶಕ್ತಿ ಇಲ್ಲದ ಅದು ಟಿಕ್ ಅಂತೈತಿ. ಒಮ್ಮೊಮ್ಮೆ ಹಿಂಗ ನಿಂತಾಗೂ ಅದರ ಮುಳ್ಳ ತಟ್ಟಿಗೆ ಬಡೀತೈತಿ. ಇನ್ನ ನಾಕ ಸಲ ಮಾಡು, ಆಮ್ಯಾಲ ಅದನ್ನ ಬಾಗಲಕ್ಕ ಒತ್ತ ಕೊಡಾಕ ಇಡು."

"ನಡುವ ಬೂಸ್ಟರ್ ಹಾಕಿದ್ರ?"

"ಅದನ್ನ ತರಸ್ಬೇಕು, ಐದಾರು ದಿನ ಹಿಡೀತೈತಿ. ಅಷ್ಟೊತ್ತು ಬಾಳತೈತ್ಯೋ ಇಲ್ಲೋ. ಒಂದ ಗೇಣಿನ ಕೇಬಲ್ ಹಾಕಲೇ, ತಾಸಿನ್ಯಾಗ ಮುಗೀತೈತಿ. ಅಣ್ಣತಮ್ಮನ ಜಗಳ ಅದಕ್ಕೇನ ತಿಳೀತೈತಿ?"

ಗುರುಪಾದ ಫೋನಿಟ್ಟು ಪರಮೇಶನಿಗೆ ಹೇಳಿದ. ಪರಮೇಶನಿಗೆ ಒಂದೇ ಮಾತಿಗೆ ತಿಳಿಯಿತು. "ಪೈಪ್‌ಲೈನ್ ಇದ್ದಂಗ. ಬೋರಿನ ಬುಡಕ ಇದ್ದಾಂವಗ ಧೋ ಅಂತೈತಿ, ಕಡೀ ಹೊಲದಾಂವಗ ಮೂತ್ರ ಹೊಯ್ದಂಗ ಬರ್ತೈತಿ. ಕಡೀ ಹೊಲದಾಂವ ನಾನs ಅಲ್ಲೇನು." ಕಡೆಯ ಮಾತನ್ನು ಗೋಡೆಗೆ ಕೇಳುವಂತೆ ದನಿ ಎತ್ತಿ ಅಂದ.

ಗೋಡೆಯಾಚೆ, ಹಿತ್ತಲಿಗೆ ಬಂದು ಕೂತಿದ್ದ ಪರಮಾನಂದ ಕುಡಗೋಲು ಮಸೆಯುವ ಸಪ್ಪಳ ನಿಂತು ಮತ್ತೆ ಶುರುವಾಯಿತು.

ಗುರುಪಾದ ಮತ್ತೆ ಓಣಿ ಸುತ್ತಿ ಪರಮಾನಂದನ ಮುಂದೆ ಬಂದು ನಿಂತ. "ಪರಮಾನಂದಣ್ಣಾ, ತಂತಿ ಗಿಡ್ಡ ಆಗಬೇಕ್ರಿ. ಡಿಸ್ಕ ತಂದು ಹಿತ್ತಲ ಗ್ವಾಡಿ ಮ್ಯಾಲ ಇಡೂನು. ಅವರ ಕಡೆ ಲ್ಯಾಪ್‌ಟಾಪ್ ಇರ್ತೈತಿ. ಯಾರ ಹೊಸ್ತಿಲಾನೂ ದಾಟಂಗಿಲ್ಲ."

"ತಿಜೋರಿ ಬಿಟ್ಟು ಬರಂಗಿಲ್ಲ ಅಂತ ಮೊದಲs ಹೇಳೇನಿ."

"ಅದು ಸಾಯಾಕತ್ತೈತ್ರಿ."

"ಗ್ವಾಡಿ ಮ್ಯಾಲ ಇಟ್ರ ಅರ್ಧಾ ಗ್ವಾಡಿ ಅವಂದು. ಅಂವ ಮುಟ್ಟಿದ್ರ? ನಾ ಭಂಡಾರ ಮುಟ್ಟೇನ್ಯೋ ಗುರುಪಾದ. ಮನ್ಯಾಗ ದನಾ ಅದಾವು, ಕುರಿ ಅದಾವು. ಏನರ ಆದ್ರ ನೀ ಬರ್ತಿಯೇನು?" ಮಾತು ಸಿಟ್ಟಿನದಾದರೂ ಅವನ ಕಣ್ಣು ಕಟ್ಟಿದ ದನಗಳನ್ನು ಒಂದೊಂದಾಗಿ ಎಣಿಸುತ್ತಿತ್ತು. ಅವನಿಗೆ ಖರೆಯೇ ಅಂಜಿಕೆ ಎಂದು ಗುರುಪಾದನಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಮಾಲಾ ಒಳಗಿಂದ ಬಂದಳು. ಸೆರಗಿನಲ್ಲಿ ಡಿಸ್ಕು ಹಿಡಿದಿದ್ದಳು.

"ಏ, ಎಲ್ಲಿಗೆ?" ಪರಮಾನಂದ ಎದ್ದ.

"ಗ್ವಾಡಿಗೆ."

"ಆಣಿ ಐತಿ ಮಾಲಾ!"

"ನೀವು ಮಾಡಿದ್ದು ನಿಮ್ಮನಿ ಸಾಮಾನಿನ ಆಣಿ. ಇದು ನಿಮ್ಮನಿ ಸಾಮಾನೇನು? ಲಗ್ನದ ಶೂಟಿಂಗಿಗೆ ರೊಕ್ಕಾ ಕೊಟ್ಟಾಂವ ನಮ್ಮಪ್ಪ. ಕುಬಸದ ಶೂಟಿಂಗಿಗೆ ಕೊಟ್ಟಾಂವನೂ ನಮ್ಮಪ್ಪ. ತವರಮನಿಯಿಂದ ಬಂದದ್ದು ಹೆಣ್ಣಮಕ್ಕಳದ್ದು. ಅರ್ಧಾ ನಂದು, ಅರ್ಧಾ ನನ್ನ ತಂಗಿದು."

ಪರಮಾನಂದ ತಾಯಿಯ ಕಡೆ ನೋಡಿದ. ಗುರುಪಾದನ ಹಿಂದೆಯೇ ಬಂದಿದ್ದ ಸೋಮವ್ವ ಹಿತ್ತಲ ಬಾಗಿಲಿಗೆ ಆತು ನಿಂತು ಅಡಿಕೆ ಕತ್ತರಿಸುತ್ತಿದ್ದಳು. "ಖರೆ ಐತಿ," ಅಂದಳು. "ತವರ ಸಾಮಾನು ಪಾಲಿನ್ಯಾಗ ಬರಂಗಿಲ್ಲ. ನನ್ನ ತವರ ತಂಬಿಗಿ ನೀವು ಪಾಲ ಮಾಡಿದ್ರೇನು?"

"ಇಷ್ಟ ದಿನಾ ಯಾಕ ಅನ್ನಲಿಲ್ಲ ಮತ್ತ?" ಅಂದ ಪರಮಾನಂದ ಹೆಂಡತಿಗೆ.

ಮಾಲಾ ನಿಂತಳು. "ಯಾರ ಕೇಳಿದ್ರು? ಗುಡ್ಯಾಗ ಇಬ್ಬರೂ ಭಂಡಾರ ಮುಟ್ಟೂ ಮುಂದ ನಾ ಹೊರಗ ಚಪ್ಪಲಿ ಕಾಯಾಕತ್ತಿದ್ದೆ."

ಗೋಡೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿತ್ತು. ಅವಳು ಅದರ ಮೇಲೆ ಹತ್ತಿ ನಿಂತಳು. ಗೋಡೆ ಈಗ ಅವಳ ನಡುವಿಗೆ ಬಂತು. ಕುಬಸದ ಕಣವನ್ನು ನಾಲ್ಕು ಮಡಿಕೆ ಮಾಡಿ ಗೋಡೆಯ ಮೇಲೆ ಹಾಸಿ, ಅದರ ಮೇಲೆ ಡಿಸ್ಕು ಇಟ್ಟು, ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಈಕಡೆ ಪರಮೇಶ ಹಗ್ಗದ ಮಂಚ ಮಗ್ಗುಲಾಗಿ ನಿಲ್ಲಿಸಿ, ಅದರ ಮೇಲೆ ಹಲಗೆಯಿಟ್ಟು, ಲ್ಯಾಪ್‌ಟಾಪನ್ನು ಗೋಡೆಯ ಎತ್ತರಕ್ಕೆ ತಂದ. ಗುರುಪಾದ ಚೀಲದ ತಳದಿಂದ ಗೇಣುದ್ದದ ನೀಲಿ ಬಾಯಿಯ ಕೇಬಲ್ ಹುಡುಕಿ ತೆಗೆದ.

"ವೈನಿ, ಅಲಗಾಡಬ್ಯಾಡ್ರಿ," ಅಂದ ಪರಮೇಶ. ಎಂಟು ವರ್ಷದಲ್ಲಿ ಅವಳಿಗೆ ಆಡಿದ ಮೊದಲ ಮಾತು ಅದು.

ಟಿಣ್. ಹೆಸರು ಮೂಡಿತು, ನಿಂತಿತು. ಸೆಕೆಂಡಿಗೆ ಐವತ್ತೆಂಟು ಎಂಬಿ. ನಲವತ್ತೇಳು ನಿಮಿಷ ಬೇಕೆಂದು ತೋರಿಸಿತು.

ಆ ನಲವತ್ತೇಳು ನಿಮಿಷ ಯಾರಿಗೂ ನೆಮ್ಮದಿಯಿರಲಿಲ್ಲ. ಬಿಸಿಲು ನೆತ್ತಿಗೆ ಬಂತು. ಮಾಲಾ ಕಲ್ಲಿನ ಮೇಲೆ ಕಾಲು ಬದಲಿಸಲಿಲ್ಲ. ಭಾಗ್ಯಾ ಗೋಡೆಗೆ ಗದ್ದ ಹಚ್ಚಿ, ಒಮ್ಮೆ ಪರದೆಯನ್ನು, ಒಮ್ಮೆ ದೊಡ್ಡವ್ವನ ಮುಖವನ್ನು ನೋಡುತ್ತಿದ್ದಳು. ಓಣಿಯಲ್ಲಿ ಭೇಟಿಯಾದಾಗ ಇಷ್ಟು ಹತ್ತಿರದಿಂದ ನೋಡುವ ಧೈರ್ಯ ಮಾಡಿರಲಿಲ್ಲ. ಪರಮಾನಂದ ದೂರದಲ್ಲಿ ಗೋದಲಿಗೆ ಮೇವು ಹಾಕಿದ, ಹಾಕಿದ್ದನ್ನು ತೆಗೆದ, ಮತ್ತೆ ಹಾಕಿದ. ಗುರುಪಾದ ಸಂಖ್ಯೆಗಳಿಂದ ಕಣ್ಣು ಕೀಳಲಿಲ್ಲ. ನೂರಕ್ಕೆ ಎಪ್ಪತ್ತು ಪಾಲು ಮುಗಿದಾಗ ವೇಗ ಒಮ್ಮೆಲೇ ಎಂಟಕ್ಕೆ ಬಿತ್ತು. ಡಿಸ್ಕು ಟಿಕ್ ಅಂದಿತು.

"ಬಿಸಿ ಆಗೈತ್ರೀ, ಕೈ ಸುಡಾಕತ್ತೈತಿ," ಅಂದಳು ಮಾಲಾ.

ಯಾರೂ ಹೇಳದೆಯೇ ಪರಮಾನಂದ ಗೋದಲಿ ಬಿಟ್ಟು ಬಂದ. ತಲೆಗೆ ಸುತ್ತಿದ ಟಾವೆಲ್ ಬಿಚ್ಚಿ, ಹೆಂಡತಿಯ ಮಗ್ಗುಲಿಗೆ ನಿಂತು, ಡಿಸ್ಕಿನ ಮೇಲೆ ನೆರಳು ಹಿಡಿದ. ಗೋಡೆಯಾಚೆ ಪರಮೇಶ ತಲೆ ತಗ್ಗಿಸಿದ. ಅಣ್ಣನೂ ತಮ್ಮನೂ ಒಂದು ಮೊಳದ ಅಂತರದಲ್ಲಿದ್ದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವೇಗ ಹನ್ನೆರಡಾಯಿತು, ಮೂವತ್ತಾಯಿತು. ಆಮೇಲೆ ಮೇಲೇರಲಿಲ್ಲವಾದರೂ ನಿಲ್ಲಲೂ ಇಲ್ಲ. ಕಡೆಗೆ ಪಟ್ಟಿ ತುಂಬಿ ಮಾಯವಾಯಿತು.

"ಆತು," ಅಂದ ಗುರುಪಾದ.

ಬಂದದ್ದು ಸರಿಯಿದೆಯೋ ಇಲ್ಲವೋ ನೋಡಲು ಅವನು ಕೈಗೆ ಸಿಕ್ಕ ಒಂದು ಫೈಲು ತೆರೆದ. ಕುಬಸದ ಕಾರ್ಯ. ಹಸಿರು ಸೀರೆಯ ರಂಜನಾ ಮಣೆಯ ಮೇಲೆ ಕೂತು ಹೋಳಿಗೆ ತಿನ್ನುತ್ತಿದ್ದಳು. ಕೆನ್ನೆ ಉಬ್ಬಿತ್ತು. ಕ್ಯಾಮೆರಾದ ಕಡೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಏ ಗುರುಪಾದಣ್ಣಾ, ಸಾಕು ಹೋಗೋ ಮಾರಾಯಾ! ಬಾಯಿ ತುಂಬ ಹೋಳಿಗಿ ಐತಿ, ಎಮ್ಮಿ ಕಂಡಂಗ ಕಾಣತೇನಿ. ಇದನ್ನ ಕಟ್ ಮಾಡಬೇಕ ನೋಡು, ಇಲ್ಲಂದ್ರ ನಿನ್ನ ಅಂಗಡಿಗೆ ಬಂದು ಕುಂದರತೇನಿ!"

ಪಕ್ಕದಲ್ಲಿ ಯಾರದೋ ನಗೆ. ಅದು ಆಗಿನ ಮಾಲಾಳದು. ಈಗಿನ ಮಾಲಾ ಗೋಡೆಯ ಮೇಲೆ ಹಣೆಯಿಟ್ಟಿದ್ದಳು. ಪರಮೇಶ ಎದ್ದು ಬೇವಿನ ಗಿಡದ ಕಡೆ ಹೋಗಿ ಬೆನ್ನು ಮಾಡಿ ನಿಂತ. ಭಾಗ್ಯಾ ಅಳಲಿಲ್ಲ. ಅವಳ ತುಟಿ ಮಾತ್ರ ಸದ್ದಿಲ್ಲದೆ ಆಡುತ್ತಿತ್ತು. ಪರದೆಯಲ್ಲಿ ಕೇಳಿದ್ದನ್ನೇ, ಅದೇ ಏರಿಳಿತದಲ್ಲಿ, ತಾನೂ ಅನ್ನುತ್ತಿದ್ದಳು.

"ಮತ್ತೊಮ್ಮೆ ಹಚ್ರಿ," ಅಂದಳು. ಗುರುಪಾದ ಹಚ್ಚಿದ. ಮತ್ತೊಮ್ಮೆ ಹಚ್ಚಿದ.

ಮೂರನೆಯ ಸಲ ಮುಗಿದ ಮೇಲೆ ಅವನು ಅಂದ: "ಕೂಸs, ಇದು ಹಸಿದು. ನಾ ನಿಮ್ಮವ್ವಗ ಮಿಕ್ಸಿಂಗ್ ಮಾಡಿ ಕೊಡ್ತೀನಂತ ಮಾತ ಕೊಟ್ಟಿದ್ದೆ, ಕೊಡಲಿಲ್ಲ. ಈಗ ಮಾಡತೇನಿ. ಎಂಟs ದಿನ. ಬೀಳಗಿ ಮದವಿ ಬಿಡತೇನಿ ಬೇಕಾದ್ರ. ಹಾಡ ಹಾಕಿ, ಬ್ಯಾಡಾದ್ದೆಲ್ಲ ತಗದು..."

"ಈ ಹೋಳಿಗಿದೂ ತಗೀತೀರೇನ್ರಿ ಮಾಮಾ?"

"ಹೂಂ ಮತ್ತ. ಆಕೀನ ಹೇಳ್ಯಾಳಲ್ಲ."

ಭಾಗ್ಯಾ ಪರದೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಬ್ಯಾಡ್ರಿ. ಏನೂ ತಗೀಬ್ಯಾಡ್ರಿ. ಹಾಡೂ ಬ್ಯಾಡ."

ಗುರುಪಾದ ಮಾಲಾಳ ಕಡೆ ನೋಡಿದ, ಅವಳಾದರೂ ಹೂಂ ಅಂದಾಳೆಂದು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಡಿಸ್ಕನ್ನು ಕಣದಲ್ಲಿ ಸುತ್ತುತ್ತಿದ್ದಳು.

"ಆಕಿ ಎರಡು ಸಲ ನಿಮ್ಮ ಅಂಗಡಿ ಮೆಟ್ಟಲ ಹತ್ತಿ ಇಳದಾಳ ಗುರುಪಾದಣ್ಣಾ. ಆಗ ಮಾಡಿದ್ರ ಆಕಿ ಇಸಗೋತಿದ್ಲು. ಈಗ ಈ ಕೂಸ ಹೆಂಗ ಅಂತೈತಿ ಹಂಗ." ಅವಳು ಕಲ್ಲಿನಿಂದ ಇಳಿದಳು. ಹೊರಳಿದವಳು ಮತ್ತೆ ನಿಂತು, "ಭಾಗ್ಯಾ, ನಾಳೆ ಇದs ಹೊತ್ತಿಗೆ ಇಲ್ಲೇ ಬಾ. ಲಗ್ನದ್ದು ನೋಡೂನಂತ. ನಾ ಈಕಡೆ, ನೀ ಆಕಡೆ," ಅಂದಳು.

ಪರಮಾನಂದ ಅದನ್ನು ಕೇಳಿಸಿಕೊಂಡ. ಟಾವೆಲ್ ತಲೆಗೆ ಸುತ್ತಿಕೊಳ್ಳುತ್ತ ಗೋದಲಿಯ ಕಡೆ ಹೋದ.

ಗುರುಪಾದ ನೆಲದ ಮೇಲೆ ಬಿದ್ದಿದ್ದ ಉದ್ದನೆಯ ಕೇಬಲ್ಲುಗಳನ್ನು ಮೊಣಕೈಗೆ ಸುತ್ತತೊಡಗಿದ. ಸುತ್ತಿದಷ್ಟೂ ಬರುತ್ತಿತ್ತು. ಪರಮೇಶ ಹತ್ತಿರ ಬಂದು ಅಂಗಿಯ ಕಿಸೆಗೆ ಕೈ ಹಾಕಿದ.

"ಎಷ್ಟಾತಣ್ಣಾ?"

"ನೀ ಕೊಡೂದೇನೂ ಇಲ್ಲ. ಕೊಡೂದು ನಂದೈತಿ."

"ಆ ಬಾಕೀನ ಕೂಸ ಬಿಟ್ಟಬಿಡ್ತಲ್ಲ ಈಗ."

"ಬಿಟ್ಟಿಲ್ಲೋ ಪರಮೇಶಾ," ಅಂದ ಗುರುಪಾದ. "ಇಸಗೊಳ್ಳಾಕ ಒಲ್ಲೆ ಅಂತು."

ಸುತ್ತಿದ ತಂತಿಯನ್ನು ಚೀಲಕ್ಕೆ ತುರುಕಿ, ಲ್ಯಾಪ್‌ಟಾಪನ್ನು ಕೂಸಿನ ಹತ್ತಿರವೇ ಬಿಟ್ಟು, ಅವನು ಬೈಕಿನ ಹತ್ತಿರ ನಡೆದ. ಹಿಂದೆ ಹಿತ್ತಲಲ್ಲಿ ಭಾಗ್ಯಾ ನಾಲ್ಕನೆಯ ಸಲ ಹಚ್ಚಿದ್ದಳು.